ಬ್ಯಾಂಕಾಕ್‌ನಲ್ಲೂ ವಿಶ್ಲೇಷಕರು ಬೇಕು

ಮಾದಕ ವಸ್ತುವನ್ನು ಇಲ್ಲಿಗೆ ಬಂದ ಮೇಲೆ ಹಿಡಿದರೆ ಸಾಲದು, ಅದು ಹೊರಡುವ ಊರಿನಲ್ಲೇ ಸುಳಿವು ಸಿಗಬೇಕು. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟ ಮೇಲೆ ಬ್ಯಾಂಕಾಕ್‌ನಿಂದ ಬರುವ ಹೈಡ್ರೋಪೋನಿಕ್ (ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಬೆಳೆಸಿದ) ಗಾಂಜಾ ಜಾಸ್ತಿಯಾಗಿದೆ. ತಿಂಡಿ ಪೊಟ್ಟಣದೊಳಗೆ ಬಚ್ಚಿಟ್ಟ ಸರಕು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಗುತ್ತಿದೆ. ಸಿಕ್ಕಿಬೀಳುವವರು ಹೆಚ್ಚಾಗಿ ಬರೀ ಹೊತ್ತು ತರುವವರು. ಕಳಿಸಿದವನು ಅಲ್ಲೇ ಆರಾಮಾಗಿರುತ್ತಾನೆ, ಅಲ್ವಾ?

ಅಮೆರಿಕದ ಮಾದಕ ವಸ್ತು ತಡೆ ಸಂಸ್ಥೆಯಾದ ಡಿಇಎ ಹತ್ತಾರು ದೇಶಗಳಲ್ಲಿ ಕಚೇರಿ ಇಟ್ಟಿದೆ, ದೆಹಲಿಯಲ್ಲೂ ಇದೆ. ಹಲವೆಡೆ ಏಜೆಂಟರ ಜೊತೆ ವಿಶ್ಲೇಷಕರೂ ಇರುತ್ತಾರೆ. ಫೋನ್ ನಂಬರು, ಹಣದ ವರ್ಗಾವಣೆ, ಟಿಕೆಟ್ ಕೊಂಡವರ ಹೆಸರು ಜೋಡಿಸಿ ನೋಡುವವರಿಲ್ಲದಿದ್ದರೆ ಮಾಹಿತಿ ಸುಮ್ನೆ ಕಡತದಲ್ಲಿ ಬಿದ್ದಿರುತ್ತದೆ. ಬ್ಯಾಂಕಾಕ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ನಮ್ಮ ಮಾದಕ ವಸ್ತು ನಿಯಂತ್ರಣ ಬ್ಯೂರೋದ (ಎನ್‌ಸಿಬಿ) ಅಧಿಕಾರಿಯೊಬ್ಬರು, ಅವರ ಜೊತೆಗೆ ಇಬ್ಬರಾದರೂ ವಿಶ್ಲೇಷಕರು ಇರುವಂತೆ ಕೇಂದ್ರ ಸರ್ಕಾರ ನೋಡಿಕೊಳ್ಳಲಿ.

– ಓದುಗ, ಬೆಂಗಳೂರು