ಹಳ್ಳದ ನೀರಿನ ಪರೀಕ್ಷೆಗೆ ಬಾಟಲಿಯೊಂದೇ ಸಾಲದು

ಮಾನ್ಯರೇ,

ಹಳ್ಳ-ತೊರೆಗಳ ನೀರು ಶುದ್ಧವೇ ಎಂದು ತಿಳಿಯಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಕೈತೊಳೆದುಕೊಳ್ಳುವ ಕ್ರಮ ಬದಲಾಗಬೇಕು. ಬಾಟಲಿ ತುಂಬಿದ ಗಳಿಗೆಯ ಲೆಕ್ಕವಷ್ಟೇ ಅದರಲ್ಲಿರುತ್ತದೆ. ಹಿಂದಿನ ರಾತ್ರಿ ಹರಿಯಬಿಟ್ಟ ಕೊಳಚೆ ಬೆಳಗಾಗುವುದರೊಳಗೆ ಕೊಚ್ಚಿಹೋಗಿದ್ದರೆ ವರದಿ ಚೊಕ್ಕಟವಾಗಿಯೇ ಬರುತ್ತದೆ. ಆದರೆ ಕೊಳಚೆ ತಾಳದ ಜಲಕೀಟವಾದ ಸ್ಟೋನ್‌ಫ್ಲೈಯ ಮರಿಗಳು ಕಲ್ಲಿನಡಿ ಆ ರಾತ್ರಿಯನ್ನೂ ಅಲ್ಲೇ ಕಳೆದಿರುತ್ತವೆ. ಬಹುತೇಕ ಜಾತಿಗಳ ಮರಿಗಳು ತಿಂಗಳುಗಟ್ಟಲೆ, ಕೆಲವು ದೊಡ್ಡ ಜಾತಿಗಳವು 2-3 ವರ್ಷ ನೀರಿನಲ್ಲೇ ಬೆಳೆಯುತ್ತವೆ.

ನೋಡುವ ವಿಧಾನ ಕಷ್ಟವಲ್ಲ. ಕಲ್ಲುಗಳ ನಡುವೆ ರಭಸವಾಗಿ ಹರಿಯುವ, ಮೊಣಕಾಲು ಮುಳುಗದಷ್ಟು ಆಳದ ಕಡೆ ಅರ್ಧ ಮಿ.ಮೀ. ಕಣ್ಣಿನ ಬಲೆಯನ್ನು ಬಾಯಿ ಹರಿವಿಗೆ ಎದುರಾಗುವಂತೆ ಊರಿ, ಅದರ ಮುಂದಿನ ಕಲ್ಲುಗಳನ್ನು 3 ನಿಮಿಷ ಕಾಲಿನಿಂದ ಕದಡಬೇಕು. ಬಂದದ್ದನ್ನು ಅದೇ ಹಳ್ಳದ ನೀರು ತುಂಬಿದ ಬಿಳಿ ತಟ್ಟೆಗೆ ಸುರಿಯಬೇಕು. ಹೊಸಬರು ಎಡವುವುದು ಅದನ್ನೇ ಹೋಲುವ ಇನ್ನೊಂದು ಜಲಕೀಟ ಮೇಫ್ಲೈಯ ಮರಿಯನ್ನೂ ಸ್ಟೋನ್‌ಫ್ಲೈ ಎಂದು ಬರೆದುಕೊಳ್ಳುವುದರಲ್ಲಿ. ಸ್ಟೋನ್‌ಫ್ಲೈಗೆ ಎರಡು ಬಾಲ, ಮೇಫ್ಲೈಗೆ ಸಾಮಾನ್ಯವಾಗಿ ಮೂರು, ನಿಜ. ಆದರೆ ಬಲೆಯಲ್ಲಿ ಬಾಲ ಮುರಿಯುತ್ತದೆ, ಎರಡೇ ಬಾಲದ ಮೇಫ್ಲೈಗಳೂ ಇವೆ. ಲೆನ್ಸ್ ಹಿಡಿದು ಕಾಲಿನ ತುದಿ ನೋಡಿ: ಎರಡು ಉಗುರಿದ್ದರೆ ಸ್ಟೋನ್‌ಫ್ಲೈ, ಒಂದಿದ್ದರೆ ಮೇಫ್ಲೈ. ಮೇಫ್ಲೈಯ ಕಿವಿರುಗಳು ಹೊಟ್ಟೆಯ ಇಕ್ಕೆಲಗಳಲ್ಲಿ ಅಲುಗುತ್ತಿರುತ್ತವೆ. ಸ್ಟೋನ್‌ಫ್ಲೈಗೆ ಕಿವಿರಿದ್ದರೆ ಹೆಚ್ಚಾಗಿ ಎದೆಯಡಿ, ಕಾಲಿನ ಬುಡದಲ್ಲಿ. ತಟ್ಟೆಯ ನೀರು ಬೆಚ್ಚಗಾಗಿ ಆಮ್ಲಜನಕ ಇಳಿದರೆ ಅದು ದಂಡ ಹೊಡೆಯುವಂತೆ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಆಗ ತಡಮಾಡದೆ ಹಳ್ಳಕ್ಕೆ ಬಿಟ್ಟುಬಿಡಿ.

ಈ ಮರಿಗಳಿಗೆ ಆಮ್ಲಜನಕ ತುಂಬಿದ ತಣ್ಣನೆಯ ನೀರು ಬೇಕು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 25 ಡಿಗ್ರಿಗೆ ಅದು 8ರ ಆಸುಪಾಸಿಗೆ ಇಳಿಯುತ್ತದೆ. ದಡದ ಮರ ಕಡಿದರೆ ನೀರು ಕಾಯುತ್ತದೆ, ಉದುರೆಲೆ ತಿನ್ನುವ ಜಾತಿಗಳ ಆಹಾರವೂ ಹೋಗುತ್ತದೆ. ಮಣ್ಣು ಕೊಚ್ಚಿಬಂದು ಕಲ್ಲುಗಳ ಸಂದು ಮುಚ್ಚಿತೆಂದರೆ, ಬಾಟಲಿಯ ವರದಿ ಎಷ್ಟೇ ಚೆನ್ನಾಗಿರಲಿ, ಮರಿಗಳಿಗೆ ನೆಲೆಯಿಲ್ಲ.

ಮಾಲಿನ್ಯ ತಾಳದ ಜಲಜೀವಿಗಳಿಗೆ ಹೆಚ್ಚು ಅಂಕ ಕೊಟ್ಟು ನೀರಿನ ಗುಣ ಅಳೆಯುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಅಂಕಪದ್ಧತಿಯಲ್ಲಿ ಸ್ಟೋನ್‌ಫ್ಲೈಗಳ ಪರ್ಲಿಡೇ ಕುಟುಂಬಕ್ಕೆ 10 ಅಂಕ, ಕೆಸರಿನ ಎರೆಹುಳು ಬಳಗಕ್ಕೆ 1. ಹಾಗೆಂದು ಮರಿ ಸಿಗದ ಮಾತ್ರಕ್ಕೆ ಹಳ್ಳ ಕೆಟ್ಟಿದೆ ಎನ್ನಲಾಗದು. ರೆಕ್ಕೆ ಬಂದು ಹಾರಿಹೋದ ಹೊಸತರಲ್ಲಿ, ದೊಡ್ಡ ನೆರೆಯ ಬೆನ್ನಿಗೇ ಬಲೆ ಖಾಲಿ ಬರುವುದುಂಟು. ಮರಿ ಸಿಕ್ಕಿತೆಂದು ಆ ನೀರನ್ನು ಕಾಯಿಸದೆ ಕುಡಿಯುವುದೂ ಅಪಾಯ: ರೋಗಾಣುಗಳ ಸುದ್ದಿ ಅದು ಹೇಳಲಾರದು, ಕೆಲವು ಜಾತಿಗಳು ಆಮ್ಲೀಯ ನೀರನ್ನೂ ತಾಳಿಕೊಳ್ಳುತ್ತವೆ. ಹಾಗಾಗಿ ಪರೀಕ್ಷೆಗೆ ಹೋಗುವವರು ಬಾಟಲಿಯ ಜೊತೆ ಬಲೆಯನ್ನೂ ಒಯ್ಯಲಿ. ಕೊಳಚೆ ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಕಡೆ, ವರ್ಷಕ್ಕೆ ಕನಿಷ್ಠ ಎರಡು ಋತುಗಳಲ್ಲಿ ನೋಡಿ, ಬಾಟಲಿಯ, ಬಲೆಯ ಎರಡೂ ವರದಿಗಳನ್ನು ಒಟ್ಟಿಗೇ ಪ್ರಕಟಿಸಲಿ.

– ತೊರೆಗಳ ಜಲಕೀಟಗಳನ್ನು ಅಭ್ಯಸಿಸುವ ಓದುಗರು