ನೀನಿಲ್ಲದ ಸಂಜೆ ನಿನ್ನ ಸ್ಕ್ರಿಪ್ಟ್ ಓದಿದ್ದು

ಪ್ರೀತಿಯ ಗೆಳೆಯಾ,

ಬೈಯಬೇಡ. ನೀನು ನನಗೊಬ್ಬನಿಗೇ ಅಂತ ಕಳಿಸಿದ ಸಿನಿಮಾ ಸ್ಕ್ರಿಪ್ಟನ್ನು ಒಂಬತ್ತು ಜನ ಸೇರಿ ಜೋರಾಗಿ ಓದಿಬಿಟ್ಟೆವು. ಶನಿವಾರ ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ಆಟ ಆಡೋದು ಅಂತ ಮಾತಾಗಿತ್ತು. ಬರೀ ಆಟ ಯಾಕೆ, ಮೊದಲು ಇದನ್ನೊಮ್ಮೆ ಓದೋಣ ಅಂತ ನಾನೇ ಬಾಯಿ ಹಾಕಿದೆ. ತಪ್ಪು ನನ್ನದೇ. ಆದರೆ ಆದದ್ದನ್ನು ಪೂರ್ತಿ ಕೇಳಿದ ಮೇಲೆ ಬೈಯುವೆಯಂತೆ.

ಪಾತ್ರಗಳನ್ನು ಚೀಟಿ ಎತ್ತಿ ಹಂಚಿದೆವು. ಯಾರೂ ಮೊದಲೇ ಓದಿರಬಾರದು ಅಂತ ಷರತ್ತು. ತಮ್ಮನ ಪಾತ್ರ ನಮ್ಮ ಗಡ್ಡದವನಿಗೆ ಬಂತು. ಬ್ರೋಕರ್ ಪಾತ್ರ ನನಗೆ. ಅಕ್ಕನ ಪಾತ್ರ ಮಾತ್ರ ನಿನಗೆ ಪರಿಚಯವೇ ಇಲ್ಲದ ಒಬ್ಬ ಹುಡುಗಿಯ ಪಾಲಾಯಿತು. ಗಡ್ಡದವನ ಆಫೀಸಿನವಳು, ಅವನೇ ಕರೆತಂದಿದ್ದ. ಬಂದಾಗಿನಿಂದ ಮೂಲೆ ಹಿಡಿದು ಕೂತಿದ್ದಳು. 'ನಂಗೆ ಇದೆಲ್ಲ ಬರಲ್ಲ' ಅಂದಳು. ಚೀಟಿ ಎತ್ತಿದ ಮೇಲೆ ಮುಗೀತು, ಓದಲೇಬೇಕು ಅಂದೆವು.

ಬ್ರಾಕೆಟ್ಟಿನಲ್ಲಿರುವ ಸೂಚನೆಗಳನ್ನೆಲ್ಲ ಒಬ್ಬ ಬೇರೆಯಾಗಿ ಓದಬೇಕಲ್ವಾ, ಅದಕ್ಕೆ ನಮ್ಮ ಮೇಷ್ಟ್ರನ್ನು ಕೂರಿಸಿದೆವು. ಅವನ ಗಂಟಲು ಗೊತ್ತಲ್ಲ, ರೇಷನ್ ಚೀಟಿ ಓದಿದರೂ ಶಾಸನ ಓದಿದ ಹಾಗಿರುತ್ತೆ. ನೀನು ಎರಡನೇ ದೃಶ್ಯದಲ್ಲಿ 'ಆಕೆಯ ಕಣ್ಣುಗಳಲ್ಲಿ ಹತ್ತು ವರ್ಷಗಳ ನೋವು ಮಿನುಗುತ್ತದೆ' ಅಂತ ಬರೆದಿದ್ದೀಯ. ಅದನ್ನವನು ಅಷ್ಟೇ ಗಂಭೀರವಾಗಿ ಓದಿದ. ಎಲ್ಲರೂ ಒಟ್ಟಿಗೆ ತಿರುಗಿ ಆ ಹುಡುಗಿಯ ಕಣ್ಣು ನೋಡಿದೆವು. ಅವಳು ಗಾಬರಿಯಾಗಿ ಕನ್ನಡಕ ತೆಗೆದು, ಚೂಡಿದಾರದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ಎರಡು ನಿಮಿಷ ಯಾರಿಗೂ ಓದೋಕೆ ಆಗಲಿಲ್ಲ. ಆ ಸಾಲು ತೆಗೆದುಹಾಕು ಮಾರಾಯ. ಹತ್ತು ವರ್ಷದ ನೋವನ್ನು ಕಣ್ಣಲ್ಲಿ ಮಿನುಗಿಸು ಅಂದರೆ ಯಾರು ತಾನೇ ಏನು ಮಾಡ್ತಾರೆ?

ಒಂದು ಪುಟಕ್ಕೆ ಒಂದು ನಿಮಿಷ ಅನ್ನೋದು ಸಿನಿಮಾ ಬರೆಯುವವರ ಅಂದಾಜು. ನಿನ್ನದು 22 ಪುಟ. ನಮಗೆ 38 ನಿಮಿಷ ಹಿಡಿಯಿತು. ನಕ್ಕಿದ್ದನ್ನು ಕಳೆದರೂ ಹತ್ತು ನಿಮಿಷ ಜಾಸ್ತಿ. ಎಲ್ಲಿ ಹೋಯಿತು ಅಂತ ಆಮೇಲೆ ನಾನೂ ಮೇಷ್ಟ್ರೂ ಕೂತು ಹುಡುಕಿದೆವು. ಒಂದು, 14ನೇ ಪುಟದಲ್ಲಿ ಅಕ್ಕನ ಮಾತು. 27 ಸಾಲು! ಉಸಿರು ತೆಗೆದುಕೊಳ್ಳೋಕೆ ಒಂದು ಪೂರ್ಣವಿರಾಮವನ್ನಾದರೂ ಕೊಡಬೇಡವಾ?

ಇನ್ನೊಂದು ಸ್ವಲ್ಪ ಸೂಕ್ಷ್ಮದ್ದು. ನೀನು ಬರೆದಿದ್ದು 'ನನಗೆ ತಿಳಿದಿರಲಿಲ್ಲ' ಅಂತ. ಗಡ್ಡದವನ ಬಾಯಲ್ಲಿ ಅದು 'ನಂಗೊತ್ತಿರ್ಲಿಲ್ಲ' ಅಂತಲೇ ಬಂತು. ಅವನು ಬೇಕಂತ ಮಾಡಿದ್ದಲ್ಲ, ನಾಲಿಗೆಯೇ ತಿದ್ದಿಕೊಂಡಿತು. ಆದರೆ 'ನೀನು ನನ್ನ ನಂಬಿಕೆಯನ್ನು ಒಡೆದುಹಾಕಿರುವೆ' ಅನ್ನೋ ಹತ್ತಿರ ಬಂದಾಗ ಅವನ ನಾಲಿಗೆಯೂ ಕೈಕೊಟ್ಟಿತು. ಎರಡು ಸಲ ಓದಿ, ತಲೆಯೆತ್ತಿ, 'ಇದನ್ನ ಯಾರು ಯಾರಿಗೆ ಯಾವಾಗ ಹೇಳ್ತಾರೆ?' ಅಂತ ಕೇಳಿದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾನು ಆಗಲೇ ಪೆನ್ನು ತಗೊಂಡು ನಾಲಿಗೆ ತಾನಾಗಿ ತಿದ್ದಿಕೊಂಡ ಸಾಲುಗಳಿಗೆ ಒಂದು ಗೆರೆ, ತಿದ್ದಿಕೊಳ್ಳೋಕೂ ಆಗದೆ ನಿಂತಲ್ಲಿ ಎರಡು ಗೆರೆ ಹಾಕುತ್ತಾ ಬಂದೆ. ಎರಡು ಗೆರೆಯವು 19 ಇವೆ. ಬ್ರೋಕರ್ ಮಾತಲ್ಲಿ ಒಂದೂ ಇಲ್ಲ, ನೋಡು. ಅವನನ್ನು ನೀನು ಯಾರನ್ನೋ ಕಂಡು ಬರೆದಿದ್ದೀಯ.

ಅಕ್ಕನ ಓದಿನ ಬಗ್ಗೆ ಹೇಳಲೇಬೇಕು. ಹಾಜರಿ ಕರೆದ ಹಾಗೆ ಓದಿದಳು. ಅಳುವ ಕಡೆ, ಬೈಯುವ ಕಡೆ ಎಲ್ಲ ಒಂದೇ ರಾಗ. 14ನೇ ಪುಟದ ಹೊತ್ತಿಗೆ ಮೂರು ಜನ ಫೋನ್ ನೋಡುತ್ತಿದ್ದರು. ಮುಗಿದ ಮೇಲೆ ಚಪ್ಪಾಳೆ ತಟ್ಟಿದೆವು, ಸುಮ್ನೆ ಮರ್ಯಾದೆಗೆ. ನಿನಗೆ ಏನಂತ ಬರೆಯೋದು ಅಂತ ನನಗೆ ಆಗಲೇ ಚಿಂತೆ ಶುರುವಾಗಿತ್ತು.

ಆಮೇಲೆ ಆಟ. ಮೊದಲು ಡಂಬ್ ಶರಾಡ್ಸ್, ಅಂದರೆ ಒಬ್ಬ ಬಾಯಿ ಬಿಡದೆ ಅಭಿನಯಿಸಿದ್ದನ್ನು ಉಳಿದವರು ಊಹಿಸೋದು. ಸಿನಿಮಾ ಹೆಸರು ಬೇಡ, ಬೇಜಾರಾಗಿದೆ ಅಂತ ಗಾದೆ ಇಟ್ಟುಕೊಂಡೆವು. ಈ ಆಟ 18ನೇ ಶತಮಾನದ ಫ್ರಾನ್ಸಿನಲ್ಲಿ ಶುರುವಾದಾಗ ಅಭಿನಯವೇ ಇರಲಿಲ್ಲ. ಪದವನ್ನು ತುಂಡು ಮಾಡಿ ಒಂದೊಂದು ತುಂಡಿಗೂ ಸುಳಿವು ಕೊಡುವ ಒಗಟು ಅದು. ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ಮೇಷ್ಟ್ರಿಗೆ ಅನ್ನಿಸಿರಬೇಕು. ಯಾಕೆಂದರೆ ಅವನಿಗೆ ಬಂದದ್ದು 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ'. ಐದು ಬೆರಳು ತೋರಿಸಿದ. ತಲೆಯ ಮೇಲೆ ಕೊಂಬು ಮಾಡಿದ. 'ಹಸು!' ಅಲ್ಲ. 'ಎಮ್ಮೆ!' ಅಂದರು. ಅವನು ಹೌದು ಅನ್ನಲೂ ಆಗದೆ ಅಲ್ಲ ಅನ್ನಲೂ ಆಗದೆ ಒದ್ದಾಡಿದ. ಎಮ್ಮೆ ಇದೆ, ಆದರೆ ಇದು ಆ ಎಮ್ಮೆ ಅಲ್ಲ. ಇನ್ನೂ ಮೂರು ಪದ ದಾಟಬೇಕು. ಕೊನೆಗೆ ಕೊಂಬನ್ನು ನೆಟ್ಟಗೆ ಮಾಡಿ ಎತ್ತು, ಹಿಂದಕ್ಕೆ ಬಾಗಿಸಿ ಎಮ್ಮೆ ಅಂತ ಒಂದು ಲೆಕ್ಕ ಕಂಡುಕೊಂಡ. ತನ್ನ ಹಣೆ ಮುಟ್ಟಿ ನಡುಗಿದ. ಗಡ್ಡದವನ ಬೆನ್ನಿಗೆ ಬರೆ ಎಳೆದ. 'ಇಂಜೆಕ್ಷನ್' ಅಂದ ಗಡ್ಡದವನು. ಟೈಮ್ ಮುಗಿಯಿತು.

ಮಡಚಿದ ಹಾಳೆಯ ಆಟವನ್ನೂ ಆಡಿದೆವು. ಒಬ್ಬ ಒಂದು ಪದ ಬರೆದು ಮಡಚಿ ಮುಂದಿನವರಿಗೆ ಕೊಡೋದು. 1925ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆಟನ್ ಮತ್ತವನ ಗೆಳೆಯರು ಇದನ್ನು ಆಡಿ 'ಸೊಗಸಾದ ಹೆಣ' ಅಂತ ಹೆಸರಿಟ್ಟಿದ್ದರು. ಆಟದಲ್ಲಿ ಹಾಗೇ ಹುಟ್ಟಿದ ಒಂದು ವಾಕ್ಯದಿಂದ ಬಂದ ಹೆಸರು. ನಮಗೆ ಸಿಕ್ಕಿದ್ದು: 'ನೆಗಡಿಯಾದ ಬ್ರೋಕರ್ ಬಾವಿಯೊಳಗೆ ಅತ್ತೆಯ ಚಪ್ಪಲಿಯಿಂದ ಚುನಾವಣೆ ಗೆದ್ದ.' ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತಲ್ಲ, ಹಾಗಾಗಿ ಕೊನೆಯವನದೇ ದರ್ಬಾರು.

ರಾತ್ರಿ ಹತ್ತರ ಹೊತ್ತಿಗೆ ಮಾಫಿಯಾ. 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ದಿಮಿತ್ರಿ ದಾವಿದೋಫ್ ಹುಟ್ಟುಹಾಕಿದ ಆಟ ಇದು. ಗುಟ್ಟು ಗೊತ್ತಿರುವ ಕೆಲವರು, ಏನೂ ಗೊತ್ತಿಲ್ಲದ ಬಹಳ ಜನ, ಈ ಎರಡು ಗುಂಪಿನ ನಡುವೆ ಹಣಾಹಣಿ. ಆಟದ ರಾತ್ರಿಯಲ್ಲಿ ಮಾಫಿಯಾದವರು ಗುಟ್ಟಾಗಿ ಒಬ್ಬರನ್ನು ಕೊಲ್ತಾರೆ, ಹಗಲಲ್ಲಿ ಎಲ್ಲರೂ ಸೇರಿ ಅನುಮಾನ ಬಂದವರನ್ನು ಗಲ್ಲಿಗೇರಿಸ್ತಾರೆ. ಮೇಷ್ಟ್ರೇ ನಿರೂಪಕ. ಇಬ್ಬರು ಮಾಫಿಯಾ, ಒಬ್ಬ ಪೊಲೀಸ್, ಒಬ್ಬ ಡಾಕ್ಟರ್, ಉಳಿದವರು ನನ್ನಂಥ ಪ್ರಜೆಗಳು. ನಿನ್ನ ಹೆಸರಲ್ಲೂ ಒಂದು ಖಾಲಿ ಕುರ್ಚಿ ಹಾಕಿ, ಅದರ ಮೇಲೆ ಸ್ಕ್ರಿಪ್ಟ್ ಇಟ್ಟಿದ್ದೆವು. ಮೊದಲ ರಾತ್ರಿಯೇ ನಿನ್ನನ್ನು ಕೊಂದರು.

ಹಗಲಾಯಿತು. ಎಲ್ಲರೂ ಕಿರುಚಾಡಿ ಒಬ್ಬ ಅಮಾಯಕನನ್ನು ಗಲ್ಲಿಗೇರಿಸಿದೆವು. ರಾತ್ರಿ ಪೊಲೀಸ್ ಸತ್ತ. ಎರಡನೇ ಹಗಲು ಗಡ್ಡದವನ ಮೇಲೆ ಅನುಮಾನ ಬಂತು. ಆ ಹುಡುಗಿ ಮೆಲ್ಲಗೆ, 'ಇವರು ನನ್ನ ಕಡೆ ನೋಡ್ತಾನೇ ಇಲ್ಲ, ದಿನಾ ಆಫೀಸಲ್ಲಿ ಹಿಂಗಿರಲ್ಲ' ಅಂದಳು. ಅಷ್ಟೇ. ಗಡ್ಡದವನು ಮಾಫಿಯಾನೇ ಆಗಿದ್ದ. ನಾನು ಕುಣಿದಾಡಿಬಿಟ್ಟೆ. ಆಮೇಲೆ ಯಾರು ಅವಳ ಹೆಸರೆತ್ತಿದರೂ ನಾನೇ ವಕೀಲನ ಹಾಗೆ ಅಡ್ಡ ನಿಂತೆ. ಕೊನೆಗೆ ಉಳಿದವರು ನಾವಿಬ್ಬರೇ. ಅವಳು ಕನ್ನಡಕ ತೆಗೆದು ಒರೆಸುತ್ತಾ, 'ಸಾರಿ ಸರ್' ಅಂದಳು. ತನ್ನ ಜೊತೆಗಾರನನ್ನೇ ಹಿಡಿದುಕೊಟ್ಟು ಗೆದ್ದಿದ್ದಳು ಕಣೋ! ಮುಖದಲ್ಲಿ ಒಂದು ಗೆರೆ ಅಲ್ಲಾಡಿರಲಿಲ್ಲ. ಅದೇ ರಾಗ, ಅದೇ ಹಾಜರಿ ಕರೆಯುವ ದನಿ.

ಆಗ ಮೇಷ್ಟ್ರು ನಿನ್ನ ಕುರ್ಚಿಯ ಮೇಲಿದ್ದ ಸ್ಕ್ರಿಪ್ಟ್ ತೆಗೆದು ಅವಳ ಕೈಗಿಟ್ಟ. '14ನೇ ಪುಟ. ಮನೆಯನ್ನ ತಮ್ಮ ಮಾರಿರೋದು ಅಕ್ಕನಿಗೆ ಮೊದಲೇ ಗೊತ್ತು. ನೀನೀಗ ಮಾಫಿಯಾ. ಗೊತ್ತಾಗದ ಹಾಗಿರು' ಅಂದ. ಗಡ್ಡದವನು ಎದುರಿಗೆ ಕೂತು, ಸಹಿ ಬೇಕಕ್ಕ ಅಂದ. ಅವಳು ಹಾಳೆ ನೋಡಿದಳು. ಮೊದಲ ಸಾಲು ಓದಿದಳು: 'ಊಟ ಮಾಡ್ಕೊಂಡು ಹೋಗು, ಸಹಿ ಆಮೇಲೆ ಹಾಕ್ತೀನಿ.' ನೀನು ಬರೆದದ್ದೇ. ಓದಿ ಹಾಳೆ ಮಡಿಲಲ್ಲಿಟ್ಟು ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿದ. ಸ್ಕ್ರಿಪ್ಟಿನಲ್ಲಿ ಹಾಗಿಲ್ಲ. ಯಾರೂ ಫೋನ್ ಮುಟ್ಟಲಿಲ್ಲ. ಸುಮಾರು ಹೊತ್ತಾದ ಮೇಲೆ ಅವಳು ನನ್ನ ಕಡೆ ತಿರುಗಿ, 'ಉಳಿದದ್ದು ಓದಬೇಕಾ? ಇಷ್ಟು ಸಾಕಲ್ವಾ?' ಅಂದಳು.

ಸಾಕು ಕಣೋ. ಇನ್ನುಳಿದ 26 ಸಾಲು ಹೊಡೆದುಹಾಕು.

ಗೆರೆ ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಏಳನೇ ಪುಟದಲ್ಲಿ ಒಂದು ಕಲೆ ಇದೆ, ಅದು ವಿಮರ್ಶೆ ಅಲ್ಲ, ಯಾರೋ ನೀರು ಚೆಲ್ಲಿದ್ದು. ತಿದ್ದಿ ವಾಪಸ್ ಕಳಿಸು, ಮತ್ತೆ ಓದೋಣ ಅಂತ ಎಲ್ಲರೂ ಕೇಳುತ್ತಿದ್ದಾರೆ. ಅವಳೂ ಬರ್ತಾಳಂತೆ. ಈ ಸಲ ನೀನೂ ಬಾ. ನಿನ್ನ ಸೂಚನೆಗಳನ್ನು ನೀನೇ ಓದಬೇಕು, ಅದು ನಿನಗೆ ಶಿಕ್ಷೆ. ಮತ್ತೆ ಮಾಫಿಯಾ ಆಡುವಾಗ ಅವಳ ಪಕ್ಕ ಕೂರಬೇಡ.

ಇಂತಿ,
ಗಲ್ಲಿಗೂ ಏರದೆ ಗೆಲ್ಲಲೂ ಆಗದ ನಿನ್ನ ಬ್ರೋಕರ್