ಅಪ್ಪನಿಗೆ ಶೇಲು ಬೇಡ, ಲಾಲ್‌ಬಾಗ್ ಬೇಕು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರಳು. ಹುಟ್ಟಿ ಬೆಳೆದದ್ದು ಮುಂಬೈಯ ಲಾಲ್‌ಬಾಗಿನ ಒಂದು ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ ಮನೆಗಳ ವಠಾರದಲ್ಲಿ. ಮಿಲ್ ಕಾರ್ಮಿಕರಿಗೆ ದೂರದ ಶೇಲುವಿನಲ್ಲಲ್ಲ, ಮುಂಬೈಯಲ್ಲೇ ಮನೆ ಕೊಡಿಸಿ ಅಂತ ಕೇಳಲು ಈ ಪತ್ರ. ಇದೇ ಮಾತನ್ನು ಮರಾಠಿಯಲ್ಲೂ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಮುಂಬೈ ಕನ್ನಡಿಗರೆಂದರೆ ಹೋಟೆಲಿನವರು ಅಂತಲೇ ಎಲ್ಲರೂ ತಿಳಿದಿದ್ದಾರೆ. ಗಿರಣಗಾಂವ್ ಅಂತ ಕರೆಯುವ ನಮ್ಮ ಈ ಭಾಗದ ಬಟ್ಟೆ ಮಿಲ್ಲುಗಳಲ್ಲಿ ನಮ್ಮವರೂ ದುಡಿದಿದ್ದರು. ನಮ್ಮಪ್ಪ ನೇಯ್ಗೆ ಖಾತೆಯಲ್ಲಿ ಬದಲಿ ಕಾರ್ಮಿಕರು, ಅಂದರೆ ಕಾಯಂ ಕೆಲಸಗಾರರು ಬಾರದ ದಿನ ಅವರ ಜಾಗದಲ್ಲಿ ದುಡಿಯುವವರಾಗಿದ್ದರು.

ನಮ್ಮ ಖೋಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮೂಲೆಯಲ್ಲೊಂದು ಮೋರಿ, ಅದರ ಪಕ್ಕದಲ್ಲೇ ಅಮ್ಮನ ಸ್ಟವ್. ನಾವು ಐದು ಜನ, ಜೊತೆಗೆ ಊರಿನಿಂದ ಬಂದ ನಾಲ್ವರು ಹುಡುಗರು. ಬೆಳಗಿನ ಪಾಳಿಯವರು ಎದ್ದು ಹೋದ ಚಾಪೆಯ ಮೇಲೇ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಚಾಪೆ ಇನ್ನೂ ಬೆಚ್ಚಗಿರುತ್ತಿತ್ತು. ಅವರ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಗಂಜಿಗೆ ಕೂರುವ ಮೊದಲು ಅಮ್ಮ ಅವರನ್ನು ಖೋಲಿಗಳ ಮುಂದಿನ ಉದ್ದ ಗ್ಯಾಲರಿಗೆ ಕಳಿಸಿ ಮೈ ಕೊಡವಿಸುತ್ತಿದ್ದಳು. ಆ ಗ್ಯಾಲರಿಯಲ್ಲೇ ಪಕ್ಕದ ಮನೆಯ ಮಾವಶಿ ಹಪ್ಪಳ ಒಣಗಿಸುತ್ತಿದ್ದರು, ನಾವು ಮಕ್ಕಳು ಪಾಠ ಓದುತ್ತಿದ್ದೆವು.

1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆಮೇಲಿನದು ನಿಮಗೆ ಗೊತ್ತೇ ಇದೆ, ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಖೋಲಿಯ ನಾಲ್ವರಲ್ಲಿ ಮೂವರು ಊರಿಗೆ ಹೋದವರು ತಿರುಗಿ ಬರಲಿಲ್ಲ.

ಮಿಲ್ಲು ಹೋಯಿತು, ಸರಿ. ಜಾಗ ಎಲ್ಲಿಗೆ ಹೋಯಿತು? 1991ರ ನಿಯಮದಲ್ಲಿ ಮಿಲ್ ಜಮೀನಿನ ಮೂರರಲ್ಲೊಂದು ಪಾಲು ಬಯಲು ಜಾಗಕ್ಕೆ, ಇನ್ನೊಂದು ಪಾಲು ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾದ ಮನೆಗಳಿಗೆ ಅಂತ ಇತ್ತು. 2001ರಲ್ಲಿ ಅದನ್ನು ತಿದ್ದಿದರು. ಮೊದಲಿನಿಂದ ಖಾಲಿ ಇದ್ದ ಜಾಗವನ್ನಷ್ಟೇ ಪಾಲು ಮಾಡಿದರೆ ಸಾಕು, ಶೆಡ್ಡು ಕೆಡವಿದ ಮೇಲೆ ಖಾಲಿಯಾಗುವ ಜಾಗ ಲೆಕ್ಕಕ್ಕಿಲ್ಲ ಅಂದರು. ಮಿಲ್ಲಿನ ತುಂಬ ಇದ್ದದ್ದೇ ಶೆಡ್ಡು ಅಲ್ವಾ? 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನಮ್ಮ ಪಾಲು ಕರಗಿದ್ದು ಹೀಗೆ.

ನಮ್ಮ ಚಾಳೂ ಉಳಿಯಲಿಲ್ಲ. ಬಾಡಿಗೆ ರಸೀದಿ ದೊಡ್ಡಪ್ಪನ ಹೆಸರಲ್ಲಿತ್ತು. ಚಾಳು ಕೆಡವುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮೂವತ್ತು ವರ್ಷ ಅಲ್ಲೇ ಬಾಳಿದ ಅಪ್ಪನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಈಗ ಅಲ್ಲಿ ಗೋಪುರದಂಥ ಕಟ್ಟಡವಿದೆ. ನಮ್ಮ ಮನೆ ಎಲ್ಲಿತ್ತು ಅಂತ ಮಗಳಿಗೆ ತೋರಿಸಲು ಹೋದೆ. ಕಾರು ನಿಲ್ಲಿಸುವ ಮಹಡಿಗಳೇ ಕಂಡವು.

ಮಿಲ್ ಕಾರ್ಮಿಕರ ಮನೆಗೆ ಅಪ್ಪನೂ ಅರ್ಜಿ ಹಾಕಿದ್ದಾರೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರ ಹಾಗೆ. ದಾಖಲೆ ತೋರಿಸುವ ದಿನ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಬದಲಿ ಪಾಸು, ಇಎಸ್‌ಐ ಕಾರ್ಡು. ಮಗ್ಗದ ಸದ್ದಿಗೆ ಅಪ್ಪನ ಬಲಗಿವಿ ಪೂರ್ತಿ ಹೋಗಿದೆ. ಕಿಟಕಿಯಲ್ಲಿ ಕೂತವರು ಏನು ಕೇಳಿದರೋ ಅಪ್ಪನಿಗೆ ಕೇಳಿಸಲಿಲ್ಲ. ಕೇಳದೆಯೇ ತಮ್ಮ ಟಿಕೆಟ್ ನಂಬರು, ಖಾತೆ, ಪಾಳಿ ಎಲ್ಲವನ್ನೂ ಗಟ್ಟಿಯಾಗಿ ಹೇಳಿಬಿಟ್ಟರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ.

ಈಗ ಸರ್ಕಾರದವರು ಶೇಲು, ವಾಂಗಣಿಯಲ್ಲಿ ಮನೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಮುಂಬೈ ಬಿಟ್ಟು ಕರ್ಜತ್ ರೈಲಿನ ದಾರಿಯಲ್ಲಿ ಬದಲಾಪುರವನ್ನೂ ದಾಟಿ ಹೋಗಬೇಕು. ಎಪ್ಪತ್ತೆಂಟು ದಾಟಿದ ಅಪ್ಪನಿಗೆ ಹತ್ತಿ ಧೂಳಿನ ಕೆಮ್ಮು ಬಿಟ್ಟಿಲ್ಲ. ಅವರ ಚಿಕಿತ್ಸೆ ಇಲ್ಲೇ ಲಾಲ್‌ಬಾಗಿನ ಪಕ್ಕದ ಪರೇಲಿನಲ್ಲಿ. ಕರ್ಜತ್ ಲೋಕಲ್ಲಿನ ನೂಕುನುಗ್ಗಲಲ್ಲಿ ಅವರು ಹೇಗೆ ಬಂದು ಹೋಗಬೇಕು, ನೀವೇ ಹೇಳಿ.

ಮನಸ್ಸು ಮಾಡಿದರೆ ಇದ್ದಲ್ಲೇ ಮನೆ ಕೊಡಬಹುದು. ಮುಂಬೈಯದೇ ವರ್ಲಿಯಲ್ಲಿ, ಬ್ರಿಟಿಷರ ಕಾಲದ ಬಿಡಿಡಿ ಚಾಳಿನಲ್ಲಿ 160 ಚದರಡಿಯ ಖೋಲಿಯಲ್ಲಿದ್ದ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರಡಿಯ ಮನೆ ಅಲ್ಲೇ ಸಿಕ್ಕಿತು. ಕೀಲಿಕೈ ಹಿಡಿದ ಅಜ್ಜಿಯರ ಮುಖ ಟಿವಿಯಲ್ಲಿ ನೋಡಿ ನಮಗೂ ಖುಷಿಯಾಯಿತು.

ಬರುವ ಅಧಿವೇಶನದಲ್ಲಿ ನೀವು ಎರಡು ಮಾತು ಎತ್ತಬೇಕು. ಮುಂಬೈಯಲ್ಲಿ ಉಳಿದಿರುವ ಮಿಲ್ ಜಾಗದಲ್ಲಿ ಮೊದಲು ಕಾರ್ಮಿಕರ ಮನೆ ಕಟ್ಟಲಿ. ರಸೀದಿ ಇಲ್ಲದೆ ಚಾಳಿನಲ್ಲಿ ಬಾಳಿದವರನ್ನೂ ಅಕ್ಕಪಕ್ಕದವರ ಸಾಕ್ಷಿ ಪಡೆದು ಲೆಕ್ಕಕ್ಕೆ ಸೇರಿಸಲಿ.

ಆಗುತ್ತದೋ ಇಲ್ಲವೋ, ದಯವಿಟ್ಟು ಒಂದು ಉತ್ತರ ಬರೆಯಿರಿ. ಮರಾಠಿಯಲ್ಲೇ ಬರೆಯಿರಿ. ಅಪ್ಪನ ಎಡಗಿವಿಯ ಹತ್ತಿರ ಕೂತು ನಾನು ಕನ್ನಡದಲ್ಲಿ ಓದಿ ಹೇಳುತ್ತೇನೆ.

ಇಂತಿ ನಿಮ್ಮ,
ಲಾಲ್‌ಬಾಗಿನ ಒಬ್ಬ ಮಿಲ್ ಕಾರ್ಮಿಕನ ಮಗಳು